ಸೀಲು ಒಡೆಯದ ನಿಂಬೆರಸ

ಬಾಟಲಿ ಅಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹೊಲಿಗೆ ಅವಳ ಕಸುಬು. ಆದರೆ ಟೊಮೇಟೊ ಕಾಲ ಬಂತೆಂದರೆ ಬಟ್ಟೆ ಕೇಳಲು ಬಂದವರನ್ನು ಬಾಗಿಲಲ್ಲೇ ಸಾಗಹಾಕುತ್ತಿದ್ದಳು. ಹಣ್ಣು ಬೇಯಿಸಿ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಬಾಟಲಿ ಸಮೇತ ಕುದಿಯುವ ನೀರಿನಲ್ಲಿ ಮುಳುಗಿಸಿಡಬೇಕು. ತುಂಬುವ ಮೊದಲು ಒಂದೊಂದು ಬಾಟಲಿಯ ತಳಕ್ಕೂ ಅಳೆದು ನಿಂಬೆರಸ ಹಾಕಬೇಕು. ಹುಳಿ ಸಾಲದಿದ್ದರೆ ಒಳಗೊಂದು ವಿಷ ಹುಟ್ಟಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ದೇವರೇ ಬಂದರೂ ಹೊರಗೆ ಕೂರಬೇಕಿತ್ತು.

ಆ ಸಲ ಬಂದದ್ದು ದೇವರಲ್ಲ, ತಂಗಿ. ಅಕ್ಕನ ಬಾಟಲಿಯದ್ದು ತಿಂದೇ ಹೊಟ್ಟೆ ಕೆಟ್ಟಿತೆಂದು ಹಿಂದೊಮ್ಮೆ ನೆಂಟರೆದುರು ಅಂದು, ಮಾತಿಗೆ ಮಾತು ಬೆಳೆದು, ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದವಳು. ಈಗ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದಳು. ಇಬ್ಬರೂ ಅತ್ತರು, ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕ ಮಾತಾಡುತ್ತಲೇ ಬಾಟಲಿ ತುಂಬಿದಳು. ಎಲ್ಲವನ್ನೂ ತಂಗಿಯ ಚೀಲಕ್ಕೇ ತುರುಕಿ ಕಳಿಸಿದಳು.

ಕೆಲವು ವಾರಗಳ ನಂತರ ಮತ್ತೊಂದು ಬುಟ್ಟಿ ಹಣ್ಣು ಬಂತು. ನಿಂಬೆರಸ ತೆಗೆಯಲು ಹೋದರೆ, ತಂಗಿ ಬಂದ ದಿನದ ಬಾಟಲಿಗಳಿಗೆಂದೇ ಅಂಗಡಿಯಿಂದ ತಂದಿದ್ದ ಶೀಶೆ ಫ್ರಿಜ್ಜಿನಲ್ಲಿ ಕಂಠದವರೆಗೆ ತುಂಬಿತ್ತು. ಸೀಲು ಕೂಡ ಒಡೆದಿರಲಿಲ್ಲ.

ಅಕ್ಕ ತಂಗಿಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಚಪ್ಪಲಿ ಮೆಟ್ಟಿ ಓಡುವಾಗ ಮನಸ್ಸು ಸುಳ್ಳು ಹೊಸೆಯಿತು: ಮುಚ್ಚಳ ಸಡಿಲವಿದೆ, ವಾಪಸ್ ಕೊಡು ಎಂದರೆ ಸಾಲದೇ? ನಿಜ ಹೇಳಿದರೆ, ಅಂದು ನೆಂಟರೆದುರು ತಂಗಿ ಅಂದ ಮಾತಿಗೆ ತಾನೇ ಮುದ್ರೆ ಒತ್ತಿದಂತೆ. ಮತ್ತೆ ಮುರಿದರೆ ಈ ಸಂಬಂಧ ಕೂಡುವುದಿಲ್ಲವೆಂಬ ಭಯವೂ ಇತ್ತು.

ತಂಗಿ ಅಡುಗೆಮನೆಯಲ್ಲಿದ್ದಳು. ಮುಂದೆ ತೆರೆದ ಬಾಟಲಿ, ಬಾಯಲ್ಲಿ ಚಮಚ.

"ಮೊದಲನೇದು ಈಗ ತೆಗೆದೆ ಅಕ್ಕ. ಏನು ರುಚಿ ಅಂತೀಯ."

ಸುಳ್ಳು ಗಂಟಲಲ್ಲೇ ಉಳಿಯಿತು. ಇನ್ನು ಆಸ್ಪತ್ರೆಗೆ ಓಡಬೇಕು, ಡಾಕ್ಟರಿಗೆ ನಿಜವೇ ಬೇಕಲ್ಲ.

"ಉಗಿ. ನಿಂಬೆರಸ ಹಾಕೋದು ಮರೆತಿದ್ದೀನಿ. ಅದು ವಿಷ ಆಗಿರಬಹುದು."

ತಂಗಿ ನುಂಗಿ ಆಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು, ನಾಲಿಗೆ ನೋಡಿದರು. ಸದ್ಯಕ್ಕೆ ಏನೂ ಇಲ್ಲ ಎಂದರು. ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ ತಕ್ಷಣ ಕರೆತರಬೇಕು, ಕೆಲವು ದಿನ ಯಾರಾದರೂ ಜೊತೆಗಿರಬೇಕು. ದಾರಿಯುದ್ದಕ್ಕೂ ತಂಗಿ ತುಟಿ ಪಿಟಕ್ಕೆನ್ನಲಿಲ್ಲ. ಬೈದಿದ್ದರೂ ವಾಸಿಯಿತ್ತು ಎನಿಸಿತು ಅಕ್ಕನಿಗೆ. ತಂಗಿಯ ಮನೆಗೆ ವಾಪಸ್ ಬಂದು ಅಕ್ಕ ಉಳಿದ ಬಾಟಲಿಗಳನ್ನು ತೆರೆಯದೆ ದಪ್ಪ ಚೀಲಕ್ಕೆ ಹಾಕಿ ಕಟ್ಟಿಟ್ಟಳು. ಆಮೇಲೆ ತಂಗಿಯ ಎದುರು ಕುರ್ಚಿ ಎಳೆದು ಕೂತಳು. ತಂಗಿಯ ರೆಪ್ಪೆ ಸ್ವಲ್ಪ ಬಾಗಿದರೂ ಎದ್ದು ಹತ್ತಿರ ಬಂದು ನೋಡುತ್ತಿದ್ದಳು.

"ಎರಡೆರಡು ಕಾಣ್ತಿದೆಯಾ?" ಮತ್ತೆ ಮತ್ತೆ ಕೇಳಿದಳು.

ಕೊನೆಗೂ ತಂಗಿ ಬಾಯಿಬಿಟ್ಟಳು. "ಒಬ್ಬಳೇ ಕಾಣ್ತಿದ್ದೀಯ, ಮಹಾತಾಯಿ. ಒಬ್ಬಳ ಕಾಟವೇ ಸಾಕಾಗಿದೆ ನನಗೆ."

ಅಕ್ಕನಿಗೆ ನಗು ಬರಲಿಲ್ಲ. ಮುಂದೆ ಬಾಗಿ, ತಂಗಿಯ ತುಟಿಯನ್ನೇ ದಿಟ್ಟಿಸಿದಳು.

"ಇನ್ನೊಂದು ಸಲ ಬೈಯಿ," ಎಂದಳು. "ಮಾತು ತೊದಲ್ತಿಲ್ಲ ತಾನೇ, ನೋಡ್ತೀನಿ."