ಅವರು ನೋಡದ ಪೆಟ್ಟಿಗೆ

ಫರೀದಾಬಾದಿನ ನಮ್ಮ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ಬ್ರೇಕಿನ ಪಿನ್ನುಗಳು ತಯಾರಾಗುತ್ತಿದ್ದವು. ತಪಾಸಣೆ ಮಾಡುವ ಪ್ರತಿಯೊಬ್ಬರಿಗೂ ಬೆರಳುದ್ದದ ಉಕ್ಕಿನ ಪಂಚ್, ಅದರ ತುದಿಯಲ್ಲಿ ಅವರವರ ನಂಬರು. ಪಿನ್ನನ್ನು ಉಂಗುರದಂಥ ಗೇಜಿನಲ್ಲಿ ತೂರಿಸಿ, ಸರಿಯಿದ್ದರೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕುವುದು. ನಂಬರು ಲೋಹದಲ್ಲಿ ಕೂತುಬಿಡುತ್ತಿತ್ತು.

ಹದಿನೇಳು ನನ್ನ ಸೀನಿಯರ್ ಅವರ ನಂಬರು. ಕೋಲಾರದ ಕಡೆಯವರು, ಇಪ್ಪತ್ತೆಂಟು ವರ್ಷದಿಂದ ಅದೇ ಮೇಜಿನಲ್ಲಿದ್ದವರು. ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದ್ದ ನನ್ನನ್ನು ಕನ್ನಡದಲ್ಲಿ ಬೈಯಲು ಅಲ್ಲಿದ್ದವರು ಅವರೊಬ್ಬರೇ. ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದೊಂದು ಪಿನ್ನನ್ನೂ ಅವರು ತಿರುತಿರುಗಿಸಿ ನೋಡುವುದು ಕಂಡರೆ ಮೈ ಉರಿಯುತ್ತಿತ್ತು.

"ಹೆಣ್ಣು ನೋಡೋಕೆ ಬಂದಿದ್ದೀರಾ ಸರ್?" ಎಂದು ರೇಗಿಸಿದ್ದೆ.

"ಹೆಣ್ಣಾದ್ರೆ ಅವಳೂ ನನ್ನನ್ನ ನೋಡ್ತಾಳಮ್ಮ. ಇದಕ್ಕೆ ಕಣ್ಣಿಲ್ಲ, ಇಬ್ಬರ ಕೆಲಸಾನೂ ನಾನೇ ಮಾಡಬೇಕು" ಎಂದಿದ್ದರು.

ಆ ಚಳಿಗಾಲ ಅವರ ಕೆಮ್ಮು ನಿಲ್ಲಲೇ ಇಲ್ಲ. ದೆಹಲಿಯ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದರು. ಕೆಲವೇ ತಿಂಗಳು ಎಂದೂ ಹೇಳಿದರಂತೆ. ತಮ್ಮ ಪಂಚ್ ಇಟ್ಟಿದ್ದ ಡ್ರಾಯರಿನ ಬೀಗದ ಕೈಯನ್ನು ನನಗೆ ಕೊಟ್ಟು ರಜೆ ಹಾಕಿದರು.

ಬ್ರೇಕ್ ಪಿನ್ನಿಗೆ ಪಂಚ್ ಹಾಕುವ ಅಧಿಕಾರ ನನಗಿನ್ನೂ ಬಂದಿರಲಿಲ್ಲ. ಮೂರನೇ ವಾರ ಒಂದು ಪೆಟ್ಟಿಗೆ ಅರ್ಜೆಂಟಾಗಿ ಹೋಗಬೇಕಿತ್ತು. ಮ್ಯಾನೇಜರು ಎರಡು ಸಲ ಬಂದು ಕೂಗಾಡಿದರು. ನಾನು ಡ್ರಾಯರ್ ತೆಗೆದೆ. ಮೇಲಿನ ಹತ್ತು ಪಿನ್ನು ಅಳೆದು, ಮಿಕ್ಕ ಇನ್ನೂರಕ್ಕೂ ಕಣ್ಣುಮುಚ್ಚಿ ಹದಿನೇಳು ಒತ್ತಿದೆ. ಆಮೇಲೆ ನೋಡಿದರೆ ಲಾರಿ ಕೆಟ್ಟು, ಪೆಟ್ಟಿಗೆ ಸ್ಟೋರಿನಲ್ಲೇ ಉಳಿಯಿತು.

ಭಾನುವಾರ ಕಿತ್ತಳೆ ಹಣ್ಣು ಹಿಡಿದು ಅವರ ಮನೆಗೆ ಹೋದೆ. ಮುಖ ಅರ್ಧ ಆಗಿತ್ತು. ಏನು ಮಾತಾಡಬೇಕೋ ತೋಚದೆ, ಖುಷಿಯಾಗಲಿ ಅಂತಲೇ ಹೇಳಿಬಿಟ್ಟೆ: "ನೀವಿಲ್ಲದಿದ್ರೂ ನಿಮ್ಮ ನಂಬರು ಓಡ್ತಾ ಇದೆ ಸರ್. ಮೊನ್ನೆ ಒಂದು ಪೆಟ್ಟಿಗೆಗೆ ನಾನೇ ಹಾಕಿದೆ."

ಅವರು ಹಾಲಿನ ಲೋಟ ಕೆಳಗಿಟ್ಟರು.

"ನಾನು ಹಾಸಿಗೆ ಮೇಲಿದ್ದೆ. ನೋಡಿದ್ದು ಯಾರು?"

ನಾನು ಕಿತ್ತಳೆ ಸುಲಿಯತೊಡಗಿದೆ.

"ಯಾವುದೋ ಹೊಲದಲ್ಲಿ ಯಾವನೋ ಬ್ರೇಕ್ ಒತ್ತುತ್ತಾನೆ. ನಾನು ಸತ್ತ ಮೇಲೂ ಒತ್ತುತ್ತಾನಮ್ಮ. ಆವತ್ತೂ ‘ನೋಡಿದ್ದೀನಿ’ ಅನ್ನೋ ನನ್ನ ಮಾತು ನಿಜ ಆಗಿರಬೇಕಲ್ವ?" ಎಂದರು.

ಸೋಮವಾರ ಬೆಳಿಗ್ಗೆ ಆಟೊದಲ್ಲಿ ಬಂದೇಬಿಟ್ಟರು. ಜೊತೆಗೆ ಹೆಂಡತಿ, ಶಾಲಿನಲ್ಲಿ ಸುತ್ತಿದ ಫ್ಲಾಸ್ಕು. "ರೀ, ಡಾಕ್ಟರು ಏಳಬೇಡಿ ಅಂದಿದ್ದಾರೆ" ಎಂದು ಆಕೆ ದಾರಿಯುದ್ದಕ್ಕೂ ಹೇಳಿ ಸುಸ್ತಾಗಿದ್ದರು. ಸ್ಟೋರಿನಿಂದ ಪೆಟ್ಟಿಗೆ ತರಿಸಿದೆ. ನಾನು ಒಂದೊಂದೇ ಕೊಡುವುದು, ಅವರು ನೋಡುವುದು. ಹತ್ತು ನೋಡಿದರೆ ಐದು ನಿಮಿಷ ಉಸಿರಿಗೆ ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪಿನ್ನು ಗೇಜಿನಲ್ಲಿ ಲೊಡಲೊಡ ಎಂದವು. ಅವನ್ನು ಬದಿಗಿಟ್ಟರೇ ಹೊರತು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಅಳು ಬಂತು, ಅವರೆದುರೇ ಅತ್ತೆ.

ಇನ್ನು ಮೂವತ್ತೋ ನಲವತ್ತೋ ಉಳಿದಿರುವಾಗ ಅವರ ಕೈ ಏಳಲಿಲ್ಲ. ಹೆಂಡತಿ ಬೆನ್ನು ನೀವುತ್ತಿದ್ದರು. ಗೇಜನ್ನು ನನ್ನ ಕಡೆ ತಳ್ಳಿ, "ನೀನು ನೋಡಮ್ಮ" ಎಂದು ಗೋಡೆಗೊರಗಿ ಕಣ್ಣು ಮುಚ್ಚಿದರು.

ನೋಡಿದೆ. ಅಷ್ಟು ನಿಧಾನವಾಗಿ ಜೀವಮಾನದಲ್ಲಿ ಏನನ್ನೂ ನೋಡಿರಲಿಲ್ಲ. ಕೊನೆಗೆ ಹತ್ತಿಪ್ಪತ್ತು ಉಳಿದಿದ್ದಾಗ ಒಂದು ಪಿನ್ನು ಗೇಜಿನಲ್ಲಿ ಸರಿಯಾಗಿಯೇ ಕೂತಿತು, ಆದರೆ ಬೆಳಕಿಗೆ ಹಿಡಿದಾಗ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು.

"ಸರ್, ಇದು ಬೇಡ" ಎಂದೆ.

ಅವರು ಕಣ್ಣು ಬಿಟ್ಟರು. ಪಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಹೆಂಡತಿಯ ಕಡೆ ಕೈ ಚಾಚಿ, "ಮಿಕ್ಕಿದ್ದನ್ನ ಇವಳು ನೋಡ್ತಾಳೆ. ನಡಿ, ಮನೆಗೆ ಹೋಗೋಣ" ಎಂದರು.