ದಯವಿಟ್ಟು ಪಾಸ್‌ವರ್ಡ್ ನಮೂದಿಸಿ

ಶಿಕಾರಿಪುರದ ನಮ್ಮ ಬೆಳೆಗಾರರ ಸಂಘಕ್ಕೆ ಸ್ವಂತ ಮೇಲ್ ಸರ್ವರ್ ಇದೆ. ಸದಸ್ಯರ ಮೇಲ್ ಖಾತೆ ತೆರೆಯುವುದು, ಮುಚ್ಚುವುದು ಎಲ್ಲ ಒಂದು ವೆಬ್ ಪುಟದಲ್ಲೇ. ಅದನ್ನು ನೋಡಿಕೊಳ್ಳುವವರು ಸೊರಬ ಶಾಖೆಯ ಗುಮಾಸ್ತೆ. ಪುಟ ಇಂಗ್ಲಿಷಿನಲ್ಲಿತ್ತು. ನಾನೇ ಮುಂದೆ ಬಿದ್ದು ಅದರ ಮಾತುಗಳನ್ನೆಲ್ಲ ಸಾಲುಸಾಲಾಗಿ ಕನ್ನಡಕ್ಕೆ ತಂದು, ಪುಟ ತಯಾರಿಸಿದವರಿಗೆ ಕಳಿಸಿದೆ. ಮುಂದಿನ ಆವೃತ್ತಿಯಲ್ಲಿ ಕನ್ನಡ ಬಂತು.

ಬಂದ ಸೋಮವಾರದಿಂದ ಸೊರಬದಲ್ಲಿ ಒಂದು ಖಾತೆಯೂ ತೆರೆಯಲಿಲ್ಲ. ಪುಟ ಸರಿಯಿಲ್ಲ ಎಂದಷ್ಟೇ ಆಕೆ ಹೇಳಿಕಳಿಸಿದ್ದರು. ಇಲ್ಲಿ ನನಗೆ ಸರಿಯಾಗಿಯೇ ಕಾಣುತ್ತಿತ್ತು.

ಗುರುವಾರ ಅಧ್ಯಕ್ಷರು ಕರೆದರು. "ಏನ್ರೀ, ಕನ್ನಡ ಹಾಕಿದ್ರೂ ಆಯಮ್ಮಗೆ ಬರಂಗಿಲ್ಲೇನು? ನಾಟಕ ಅದು. ಆಕೀನ ಬಿಡಿಸಿ ಕೆಲ್ಸ ಇಲ್ಲಿಗೇ ತರೋಣ."

ಇಂಗ್ಲಿಷ್ ಪುಟ ತಮಗೊಬ್ಬರಿಗೇ ಗೊತ್ತೆಂಬ ಹೆಚ್ಚುಗಾರಿಕೆ ಹೋಯಿತೆಂದು ಆಕೆ ಹಠ ಹಿಡಿದಿದ್ದಾರೆ ಎಂದು ನನಗೂ ಅನ್ನಿಸಿತ್ತು. ಸ್ವಲ್ಪ ಅನ್ನಿಸಿತ್ತು ಎಂದು ಬರೆಯಲು ಈಗ ಕೈ ಹೋಗುತ್ತದೆ. ಅಂದಿನ ಡೈರಿಯಲ್ಲಿ ‘ಖಂಡಿತ’ ಎಂದಿದೆ. ಒಮ್ಮೆ ನೋಡಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಆಕೆ ಕುರ್ಚಿ ಕೊಟ್ಟರು. ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ.

"ಇದು ಕಳ್ಳರ ಪುಟ ಮಾರಾಯ್ರೆ. ದಯವಿಟ್ಟು ನಿಮ್ಮ ಪಾಸ್‌ವರ್ಡ್ ನಮೂದಿಸಿ ಅಂತೆ! ನಮ್ಮ ಕಂಪ್ಯೂಟರ್ ಯಾವತ್ತಾದ್ರೂ ದಯವಿಟ್ಟು ಅಂದಿದ್ದುಂಟಾ? ಇಷ್ಟು ನಯವಾಗಿ ಕನ್ನಡದಲ್ಲಿ ಕೇಳೋರು ಫೋನಲ್ಲಿ ಒಟಿಪಿ ಕೇಳೋ ಕಳ್ಳರೇ."

ಇಂಗ್ಲಿಷಿನಲ್ಲಿ ಆ ‘ದಯವಿಟ್ಟು’ ಇರಲೇ ಇಲ್ಲ. ಬರೀ ನಮೂದಿಸಿ ಎಂದರೆ ಹಿರಿಯರಿಗೆ ಗದರಿದಂತಾಗುತ್ತದೆಂದು ನಾನೇ ಸೇರಿಸಿದ್ದೆ.

"ಮೊದಲೇ ಫೋನ್ ಮಾಡಿ ಹೇಳಿದ್ದೆನಲ್ಲ?"

"ಅದು ನೀವಾ? ಗೊತ್ತಿಲ್ಲದ ನಂಬರು, ಹೆಸರೂ ಹೇಳ್ಲಿಲ್ಲ. ಪುಟ ಬದಲಾಗ್ತದೆ, ಹೆದರಬೇಡಿ ಅಂದ್ರಿ. ಹಾಗಂದ ಮೇಲೇ ನಂಗೆ ಹೆದರಿಕೆ ಆಗಿದ್ದು."

ಹೆಸರು ಹೇಳಿದ್ದೆ ಎಂಬುದು ನನ್ನ ನೆನಪು. ಡೈರಿಯಲ್ಲಿರುವುದು ‘ಸೊರಬಕ್ಕೆ ಫೋನ್’ ಎಂಬ ಎರಡೇ ಪದ. ಅದನ್ನು ಮಾತಾಡಿದ ಮೇಲೆ ಬರೆದೆನೋ, ಮಾಡಬೇಕೆಂದು ಮೊದಲೇ ಬರೆದಿಟ್ಟೆನೋ, ಅದೂ ತಿಳಿಯದು.

ಅಲ್ಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿ, ತಪ್ಪು ನನ್ನದು, ಆಕೆ ಸಂಘದ ಪಾಸ್‌ವರ್ಡ್ ಕಾಪಾಡಿದ್ದಾರೆ ಎಂದೆ. "ಹಂಗಾದ್ರೆ ಅಲ್ಲೇ ಇರ್ಲಿ ಬಿಡ್ರೀ" ಎಂದರು. ಆಕೆಗೆ ಅಷ್ಟು ಸಾಲಲಿಲ್ಲ. ಫೋನ್ ತೆಗೆದುಕೊಂಡು ಕೇಳಿದರು: "ಹೋದ ಸಭೇಲಿ ತಿಂಡಿ ಏನು ಕೊಟ್ಟಿದ್ರಿ, ಹೇಳಿ ನೋಡೋಣ."

"ಮಂಡಕ್ಕಿ ಕಣಮ್ಮ!" ಎಂಬ ಕೂಗು ನನಗೂ ಕೇಳಿಸಿತು.

ಆಮೇಲೆ ಕಂಪ್ಯೂಟರ್ ಮುಂದೆ ಕೂತರು. "ಸಾರ್, ನೀವು ಸ್ವಲ್ಪ ಆ ಕಡೆ ನೋಡಿ."

ನಾನು ಗೋಡೆಗೆ ಮುಖ ಮಾಡಿ ನಿಂತೆ. ಕೀಲಿಗಳ ಸದ್ದು ಶುರುವಾಗಿ, ನಡುವೆ ಒಮ್ಮೆ ನಿಂತಿತು. ನಾನು ತಿರುಗಿಲ್ಲವೆಂದು ಖಚಿತವಾದ ಮೇಲೆ ಮುಂದುವರಿಯಿತು.