ಗವರ್ನರ್‌ಗೆ ಬರೆದ ಕಾಗದದಲ್ಲೊಂದು ಪದ

ಮೊನ್ನೆ ಮಸಾಲೆಯ ಡ್ರಾಯರ್ ಪೂರ್ತಿ ಹೊರಗೆಳೆದಾಗ ಸಾರಿನ ಪುಡಿ ಡಬ್ಬಿಯ ಹಿಂದೆ ನಮ್ಮವರ ಭೂತಗನ್ನಡಿ ಸಿಕ್ಕಿತು. ಹಿಡಿಗೆಲ್ಲ ಇಂಗಿನ ವಾಸನೆ. ಅಲ್ಲಿ ಇಟ್ಟವಳು ನಾನೇ. ಆರು ವರ್ಷದ ಹಿಂದಿನ ಗಲಿಬಿಲಿಯಲ್ಲಿ ಮರೆತೇಹೋಗಿತ್ತು.

ಅದೊಂದು ಗುರುವಾರ. ಆಸ್ಟ್ರೇಲಿಯಾದ ಗ್ಲೆನ್ ವೇವರ್ಲಿಯ ಈ ಮನೆಯಲ್ಲೇ, ಅಡುಗೆಮನೆ ಮೇಜಿನ ಒಂದು ಬದಿಗೆ ಅವರ ಪ್ರಿಂಟ್ ತೆಗೆದ ಹಾಳೆಗಳು, ಇನ್ನೊಂದು ಬದಿಗೆ ನಾನು ಸುಲಿಯುತ್ತಿದ್ದ ಬಟಾಣಿ. ರಿಟೈರ್ ಆದ ಮೇಲೆ ಅವರಿಗೆ ಅದೇ ಕೆಲಸ. ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದಾಗ ಅಲ್ಲಿನ ಸೇನಾಪತಿಗಳೂ ಗವರ್ನರುಗಳೂ ಒಬ್ಬರಿಗೊಬ್ಬರು ಬರೆದ ಕಾಗದಗಳನ್ನು ಒಂದು ಲೈಬ್ರರಿ ಇಂಟರ್ನೆಟ್ಟಿಗೆ ಹಾಕಿತ್ತು. ಇವರಂಥ ಆಸಕ್ತರು ಆ ಹಳೇ ಕೈಬರಹ ಓದಿ ಟೈಪ್ ಮಾಡಬೇಕು. ತಿಳಿಯದ ಪದವನ್ನು ಊಹಿಸಿ ಬರೆಯುವ ಹಾಗಿಲ್ಲ, ಜಾಗ ಖಾಲಿ ಬಿಡಬೇಕು. ಆಮೇಲೆ ಇನ್ನೊಬ್ಬರು ನೋಡಿ ತುಂಬುತ್ತಾರೆ.

ಆ ಇನ್ನೊಬ್ಬರು ಸಿಡ್ನಿಯ ಒಬ್ಬ ಲೇಡಿ ಟೀಚರ್. ಮಂಗಳೂರು ಕಡೆಯ ಕೊಂಕಣಿಯವರು. ನಾನು ಮುಖ ನೋಡಿದವಳಲ್ಲ, ಆದರೆ ದಿನಾ ಫೋನಿನಲ್ಲಿ ಆ ನಗು ಕೇಳುತ್ತಿತ್ತು. "ನೋಡಿ ಟೀಚರ್, ಈ ಸೇನಾಪತಿ ಸೈನಿಕರಿಗೆ ಬೂಟಿಲ್ಲ ಅಂತ ಶುರುಮಾಡಿ ಕೊನೆಗೆ ಪಕ್ಕದ ದಂಡಿನವನ ಮೇಲೆ ಚಾಡಿ ಹೇಳ್ತಾನೆ" ಎಂದು ಇವರೂ ನಗುತ್ತಿದ್ದರು. ಗವರ್ನರ್ ಅವನಿಗೆ ಹೆಚ್ಚು ಮದ್ದುಗುಂಡು ಕಳಿಸಿದ ಅಂತ ಇವನಿಗೆ ಹೊಟ್ಟೆಕಿಚ್ಚಂತೆ. ಆ ಸೇನಾಪತಿಯ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು... ನನ್ನ ಜೊತೆ ಅವರ ಮಾತು ಹಾಲು ಮುಗಿಯಿತೇ, ಕಸದ ಬಿನ್ ಹೊರಗಿಟ್ಟೆಯಾ, ಅಷ್ಟೇ.

ಆ ಗುರುವಾರ ಮಧ್ಯಾಹ್ನವಾದರೂ ಒಂದು ಪದ ಅವರಿಗೆ ಓದಲು ಸಿಕ್ಕಿರಲಿಲ್ಲ. ಭೂತಗನ್ನಡಿಯನ್ನು ನನ್ನ ಕಡೆ ಚಾಚಿ, "ಇಲ್ಲಿ ಬಾ, ಸ್ವಲ್ಪ ನೋಡು" ಎಂದರು.

"ನನಗೇನು ಗೊತ್ತು? ನಿಮ್ಮ ಟೀಚರಮ್ಮ ಇದ್ದಾರಲ್ಲ" ಎಂದೆ.

ಅವರು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ವಾಕಿಂಗ್‌ಗೆ ಹೋದರು. ನಾನು ಸಿಟ್ಟಿನಲ್ಲಿ ಕನ್ನಡಿಯನ್ನು ಡ್ರಾಯರಿನ ಹಿಂದಕ್ಕೆ ತಳ್ಳಿದೆ. ನಾಳೆ ಹುಡುಕಲಿ, ನನ್ನನ್ನೇ ಕೇಳಲಿ ಎಂದು. ಬೆಳಿಗ್ಗೆ ಅವರು ಏಳಲಿಲ್ಲ.

ತಿಂಗಳಾದ ಮೇಲೆ ಟೀಚರ್ ಫೋನ್ ಮಾಡಿದರು. "ಆ ಪುಟ ಹಾಗೇ ಇಟ್ಟಿದ್ದೇನೆ ಅಕ್ಕ. 'ನೀವು ತುಂಬಬೇಡಿ ಟೀಚರ್, ನನ್ನ ಹೆಂಡತಿ ಊರಲ್ಲಿ ಮೆಡಿಕಲ್ ಶಾಪಿನಲ್ಲಿದ್ದವಳು, ಎಂಥಾ ಡಾಕ್ಟರ ಚೀಟಿಯನ್ನೂ ಓದ್ತಾಳೆ, ಅವಳಿಗೇ ತೋರಿಸ್ತೇನೆ' ಅಂತ ಆ ಗುರುವಾರ ಬೆಳಿಗ್ಗೆ ಹೇಳಿದ್ರು."

ನನ್ನ ಬಗ್ಗೆ ಅವರು ಆಡಿದ ಒಳ್ಳೆಯ ಮಾತು. ಅದನ್ನೂ ಹೇಳಿದ್ದು ಅವಳಿಗೆ. ಇವತ್ತಿಗೂ ಚುಚ್ಚುತ್ತದೆ, ಸುಳ್ಳು ಹೇಳಲಾರೆ.

ನಿನ್ನೆ ಕನ್ನಡಿ ಒರೆಸಿಕೊಂಡು ಅವರ ಫೈಲಿನಿಂದ ಆ ಹಾಳೆ ತೆಗೆದೆ. ಈ ಚಳಿಗಾಲಕ್ಕೆ ನಮಗೆ ಬೇಕಾದದ್ದು ಕಂಬಳಿ, ಉಪ್ಪು, ಮತ್ತೆ ಇನ್ನೊಂದು ಎಂದು ಸೇನಾಪತಿ ಬರೆದಿದ್ದಾನೆ. ಆ ಇನ್ನೊಂದರ ಮೊದಲಕ್ಷರ ಸಿಕ್ಕಿತು. ಮುಂದಕ್ಕೆ ಶಾಯಿ ಹರಡಿದೆ... ಬಹಳ ಹೊತ್ತು ನೋಡಿದೆ. ಟೀಚರನ್ನು ಕೇಳುವುದಿಲ್ಲ. ಆ ಪದ ನನಗೆ ಇನ್ನೂ ಸಿಕ್ಕಿಲ್ಲ.